ಕೆಚ್ಚಲು ಬಾವಿಗೆ ಗೆರೆ ಎಳೆದದ್ದು ಹೇಗೆ: ನನ್ನ ಅನುಭವ

ಮುಳಬಾಗಿಲು ಕಡೆ ನಮ್ಮದು ಹನ್ನೊಂದು ಸೀಮೆ ಹಸುಗಳ ಕೊಟ್ಟಿಗೆ. ಹಾಲಿನ ಇಸಿ ಮೀಟರ್ (ಹಾಲಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆಯುವ ಸಾಧನ; ಬಾವು ಇದ್ದರೆ ಅಂಕಿ ಏರುತ್ತದೆ) ತಂದಾಗ "ಹಿಂಡಿ ನೋಡಿದ್ರೆ ಗೊತ್ತಾಗಲ್ವಾ?" ಅಂದವರೇ ಜಾಸ್ತಿ. ಹಾಲು ಒಡೆದು ಗಡ್ಡೆ ಬಂದ ಮೇಲೆ ಯಾರಿಗಾದರೂ ಗೊತ್ತಾಗುತ್ತದೆ. ನಾನು ಹುಡುಕುತ್ತಿದ್ದದ್ದು ಹೊರಗೆ ಕಾಣದ ಬಾವು.

ಮೀಟರ್ ಜೊತೆ ಬಂದ ಚೀಟಿಯಲ್ಲಿ 6 (ಮಿಲಿಸೀಮನ್ಸ್/ಸೆಂ.ಮೀ.) ದಾಟಿದರೆ ರೋಗ, ಅದೇ ಗೆರೆ ಅಂತ ಇತ್ತು. ನಂಬಿದೆ. ಮೊದಲ ತಿಂಗಳೇ ಎಂಟೊಂಬತ್ತು ತೊಟ್ಟು ದಾಟಿದವು. ತೊಟ್ಟಿಗೆ ಔಷಧದ ಟ್ಯೂಬ್ ಏರಿಸಿದೆ, ಹಾಲು ಚೆಲ್ಲಿದೆ, ಏಳೆಂಟು ಸಾವಿರ ಹೋಯಿತು. ಆಮೇಲೆ ನೋಡಿದರೆ ಅದರಲ್ಲಿ ಒಂದು ಹಸು ಕರು ಹಾಕಿ ಒಂಬತ್ತು ತಿಂಗಳಾದದ್ದು. ಹಾಲು ಬತ್ತುವ ಕಾಲಕ್ಕೆ ನಾಲ್ಕೂ ತೊಟ್ಟಿನ ರೀಡಿಂಗ್ ಏರುತ್ತದೆ. ಇನ್ನೊಂದು ಹಸು 5.7 ತೋರಿಸಿತ್ತು, ಸರಿಯಿದೆ ಅಂತ ಬಿಟ್ಟೆ. ಅದರ ಒಂದು ತೊಟ್ಟು ಬತ್ತಿಯೇ ಹೋಯಿತು. ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಸುಮಾರು ಅರವತ್ತು ಸ್ಯಾಂಪಲ್‌ಗೆ ಲ್ಯಾಬ್‌ನಲ್ಲಿ ಜೀವಕೋಶದ ಎಣಿಕೆ (ಬಾವು ಇದ್ದರೆ ಹಾಲಿನಲ್ಲಿ ಇವು ಹೆಚ್ಚುತ್ತವೆ) ಮಾಡಿಸಿದೆ. ಮಿಲಿಗೆ 2 ಲಕ್ಷ ದಾಟಿದ್ದನ್ನು ಬಾವು ಅಂತ ಹಿಡಿದು, ತಪ್ಪು ಅತಿ ಕಡಿಮೆ ಬರುವ ಕಡೆ ಗೆರೆ ಎಳೆದೆ. 5.9 ಬಂತು. ನಮ್ಮ ಹಸುಗಳಿಗೆ ಸೊಗಸಾಗಿ ಹೊಂದಿತು. ಚಿಂತಾಮಣಿಯ ಭಾವನ ಕೊಟ್ಟಿಗೆಯಲ್ಲಿ ಮೂರಕ್ಕೊಂದು ತಪ್ಪು! ಗೆರೆ ಎಳೆದ ಸ್ಯಾಂಪಲ್ಲಿನಲ್ಲೇ ಗೆರೆಯನ್ನು ಪರೀಕ್ಷೆ ಮಾಡಿದ್ದೇ ಎಡವಟ್ಟು. ಈಗ ಸ್ಯಾಂಪಲ್‌ಗಳಲ್ಲಿ ಅರ್ಧದಷ್ಟನ್ನು ಪರೀಕ್ಷೆಗೆ ಅಂತ ಮೊದಲೇ ಎತ್ತಿಡುತ್ತೇನೆ, ಗೆರೆ ಎಳೆದು ಮುಗಿಯುವವರೆಗೂ ಮುಟ್ಟುವುದಿಲ್ಲ.

ಕೊನೆಗೆ ಕೈಹಿಡಿದದ್ದು ಕಳೆಯುವ ಲೆಕ್ಕ. ಅದೇ ಹಸುವಿನ ನಾಲ್ಕು ತೊಟ್ಟಿನಲ್ಲಿ ಅತಿ ಕಡಿಮೆ ರೀಡಿಂಗ್ ಯಾವುದೋ ಅದನ್ನು ಉಳಿದವುಗಳಿಂದ ಕಳೆಯಿರಿ. ಬಾವು ಇರುವ ತೊಟ್ಟು ಎದ್ದು ಕಾಣುತ್ತದೆ. ಗೆರೆಯೊಂದು ರೋಗ ಇರುವುದನ್ನೂ ಇಲ್ಲದ್ದನ್ನೂ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಅಂತ ಅಳೆಯಲು ಸಂಖ್ಯಾಶಾಸ್ತ್ರಜ್ಞ ಯೂಡನ್ 1950ರಲ್ಲಿ ಕೊಟ್ಟ ಸೂಚ್ಯಂಕದಲ್ಲಿ ನೋಡಿದರೆ ವ್ಯತ್ಯಾಸ 0.5ರ ಹತ್ತಿರ ಗೆರೆ ಬಂತು. ಆದರೆ ಆ ಸೂಚ್ಯಂಕ ಎರಡು ಬಗೆಯ ತಪ್ಪಿಗೂ ಒಂದೇ ತೂಕ ಕೊಡುತ್ತದೆ. ನನ್ನ ಕೊಟ್ಟಿಗೆಯಲ್ಲಿ ಸುಳ್ಳು ಎಚ್ಚರಿಕೆ ಬಂದರೆ ಒಂದು ಸಿಎಂಟಿ (ಹಾಲಿಗೆ ದ್ರಾವಣ ಬೆರೆಸಿ ಬಾವು ಪತ್ತೆ ಮಾಡುವ ಪರೀಕ್ಷೆ), ಇಪ್ಪತ್ತು ಮೂವತ್ತು ರೂಪಾಯಿ. ತಪ್ಪಿಸಿಕೊಂಡ ಬಾವಿಗೆ ಹದಿನೈದು ಸಾವಿರ. ಎರಡೂ ಒಂದೇನಾ?

ಹಾಗಾಗಿ ಒಂದಲ್ಲ, ಎರಡು ಗೆರೆ ಎಳೆದೆ. 0.3 ದಾಟಿದರೆ ಸಿಎಂಟಿ, ಎರಡು ದಿನ ಬಿಟ್ಟು ಮತ್ತೆ ರೀಡಿಂಗ್. 0.8 ದಾಟಿದರೆ ನೇರ ಡಾಕ್ಟರಿಗೆ ಫೋನ್. ನಾಲ್ಕೂ ತೊಟ್ಟಿಗೆ ಒಟ್ಟಿಗೇ ಬಾವು ಬಂದರೆ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೆ ಬೇರೆ ಉಪಾಯ ಇಟ್ಟುಕೊಂಡಿದ್ದೇನೆ, ಅದು ಇಲ್ಲಿ ಬೇಡ.

ನಡುವೆ ಸುಮ್ನೆ ಒಂದು ಲೋಟ ಹಾಲು ಆರಲು ಬಿಟ್ಟು ನೋಡಿದೆ. ಡಿಗ್ರಿಗೆ ಹೆಚ್ಚುಕಡಿಮೆ ಶೇ. 2ರಂತೆ ರೀಡಿಂಗ್ ಇಳಿಯಿತು. ನನ್ನ ಹಳೇ ಮೀಟರ್ ಬಿಸಿ ಲೆಕ್ಕ ಹಿಡಿಯುವುದಿಲ್ಲ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಮೊದಲ ತೊಟ್ಟಿಗೂ ಕೊನೆಯ ತೊಟ್ಟಿಗೂ ಹತ್ತು ನಿಮಿಷ ಬಿಟ್ಟರೆ ಅಲ್ಲೇ 0.3 ಹುಟ್ಟಿಕೊಳ್ಳುತ್ತದೆ.

ಹೋದ ವರ್ಷ ಪೂರ್ತಿ ಟ್ಯೂಬ್ ಬೇಕಾದದ್ದು ಮೂರೇ ತೊಟ್ಟಿಗೆ. ಒಂದೂ ಬತ್ತಲಿಲ್ಲ. ಭಾವ ಈಗ ತಿಂಗಳಿಗೊಮ್ಮೆ ಬಂದು ಮೀಟರ್ ಒಯ್ಯುತ್ತಾರೆ.