ಸೈಕಲ್ಲೇರಿ ಕಾಮದಹನಕ್ಕೆ

ಧಾರವಾಡದಿಂದ ಹುಬ್ಬಳ್ಳಿಯ ಕಾಮದಹನಕ್ಕೆ ಗುಂಪಾಗಿ ಸೈಕಲ್ ತುಳಿದು ಹೋಗುತ್ತೀರಾ? ಮೊದಲು ಕಾಮಣ್ಣನನ್ನು ಸುಡುವುದು ಯಾವತ್ತು, ಎಷ್ಟು ಹೊತ್ತಿಗೆ ಎಂದು ನೀವು ಹೋಗುವ ಓಣಿಯ ಹಿರಿಯರನ್ನೇ ಕೇಳಿ. ಬರೀ ಕ್ಯಾಲೆಂಡರ್ ನಂಬಿ ಹೊರಡಬೇಡಿ. ಧಾರವಾಡದಲ್ಲಿ ಹೋಳಿ ಹುಣ್ಣಿಮೆಯ ಮರುದಿನ ಬಣ್ಣವಾದರೆ, ಸುಮಾರು 20 ಕಿ.ಮೀ. ಆಚೆಯ ಹುಬ್ಬಳ್ಳಿಯಲ್ಲಿ ಹುಣ್ಣಿಮೆ ಕಳೆದ ಐದನೇ ದಿನದ ರಂಗಪಂಚಮಿಗೆ. ಸೈಕಲ್ ಸವಾರರಿಗೆ ಇದು ಸಣ್ಣ ವಿಷಯವಲ್ಲ. ಹುಣ್ಣಿಮೆಯಂದು ಹೊತ್ತು ಮುಳುಗುವಾಗಲೇ ಚಂದ್ರ ಮೂಡುತ್ತಾನೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. ಪಂಚಮಿಯ ರಾತ್ರಿ ಒಂಬತ್ತಾದರೂ ಬೆಳದಿಂಗಳು ಸಿಗದು. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇಲ್ಲದ ಸೈಕಲ್ ಹೊರಡಲೇಬಾರದು.

ಇನ್ನು ದಾರಿ. ಧಾರವಾಡ ಎತ್ತರದಲ್ಲಿದೆ, ಹಾಗಾಗಿ ಹುಬ್ಬಳ್ಳಿಗೆ ಹೋಗುವುದು ಸಲೀಸು, ಬರುವಾಗ ಏರು. ಹಲಗಿ ಸದ್ದಿಗೆ ಕುಣಿದು ದಣಿದ ಕಾಲು, ಹೊಗೆಗೆ ಉರಿಯುವ ಕಣ್ಣು, ಅದರ ಮೇಲೆ ಈ ಏರು. ಆದ್ದರಿಂದ ಬರುವ ದಾರಿಯನ್ನು ಮೊದಲು ಲೆಕ್ಕ ಹಾಕಿ, ಹೋಗುವುದನ್ನು ಆಮೇಲೆ. ಎಲ್ಲರಿಗಿಂತ ನಿಧಾನ ತುಳಿಯುವವರ ವೇಗವೇ ಗುಂಪಿನ ವೇಗ. ಮಕ್ಕಳಿದ್ದರೆ ಪಕ್ಕದ ಓಣಿಯ ಕಾಮಣ್ಣನೇ ಸಾಕು.

ದಾರಿ ಬಲ್ಲವರು ಮುಂದೆ, ಪಂಕ್ಚರ್ ಹಾಕಬಲ್ಲವರು ಕಟ್ಟಕಡೆಗೆ. ಬಸ್ಸಿಗಷ್ಟೇ ಮೀಸಲಾದ ಬಿಆರ್‌ಟಿಎಸ್ ಪಥ ಖಾಲಿ ಕಂಡರೂ ಅದಕ್ಕೆ ನುಗ್ಗಬೇಡಿ. ರಸ್ತೆಯ ಎಡಕ್ಕೆ ಒಬ್ಬರ ಹಿಂದೊಬ್ಬರು ಸಾಗಿ. ನವಲೂರಲ್ಲೊಮ್ಮೆ, ಉಣಕಲ್ ಕೆರೆಯ ಹತ್ತಿರ ಇನ್ನೊಮ್ಮೆ ನಿಂತು ತಲೆ ಎಣಿಸಿ. ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಇಳಿದು ತಳ್ಳಿಕೊಂಡೇ ಹೋಗಬೇಕು.

ಕ್ಯಾರಿಯರ್‌ಗೆ ತಲಾ ಎರಡು ಕುಳ್ಳು (ಬೆರಣಿ), ಇಲ್ಲವೇ ಒಂದು ಒಣ ಕಟ್ಟಿಗೆ ಕಟ್ಟಿಕೊಳ್ಳಿ. ಆ ಬೆಂಕಿ ಮನೆಮನೆ ತಿರುಗಿ ಸೌದೆ ಕೂಡಿಸಿದ ಹುಡುಗರದು. ಬರಿಗೈಲಿ ಹೋಗಿ ಫೋಟೊ ಹೊಡೆದು ಬರುವುದು ನನಗಂತೂ ಸರಿ ಕಾಣುವುದಿಲ್ಲ. ಹಳೇ ಟೈರು, ಪ್ಲಾಸ್ಟಿಕ್ ಮಾತ್ರ ಬೇಡವೇ ಬೇಡ. ಅದರ ವಿಷದ ಹೊಗೆಯನ್ನು ನಾವು ಹೊರಟ ಮೇಲೂ ಓಣಿಯವರು ಕುಡಿಯಬೇಕು.

ಹತ್ತಿ ಬಟ್ಟೆ ಹಾಕಿ. ಸೈಕ್ಲಿಂಗ್ ಜೆರ್ಸಿಯ ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಸೈಕಲ್‌ಗಳನ್ನು ಕಿಡಿ ಹಾರಿ ಬರುವ ದಿಕ್ಕಿಗಲ್ಲ, ಗಾಳಿ ಬೀಸಿ ಬರುವ ಕಡೆಗೆ, ದೂರದಲ್ಲಿ ನಿಲ್ಲಿಸಿ ಒಬ್ಬರನ್ನು ಕಾವಲಿಗಿಡಿ. ಕೈ ಸುಟ್ಟರೆ ಟೂತ್‌ಪೇಸ್ಟ್ ಬಳಿಯದೆ 20 ನಿಮಿಷ ತಣ್ಣೀರಿನ ಧಾರೆಗೆ ಹಿಡಿಯಿರಿ.

ಮರುದಿನ ಚೈನಿಗಂಟಿದ ಬೂದಿ, ಬಣ್ಣ ಒರೆಸಿ ಎಣ್ಣೆ ಬಿಡಿ.