ದುರ್ಯೋಧನನ ಛಲ: ಬರೆದ ಪ್ರಬಂಧವನ್ನು ತಿದ್ದುವುದು ಹೇಗೆ?

ಬಾಗಲಕೋಟೆ ಕಡೆಯ ಕಾಲೇಜುಗಳಲ್ಲಿ ‘ಗದಾಯುದ್ಧ’ ಕಾವ್ಯ ಬರೆದ ರನ್ನನ ಮೇಲೆ ಪ್ರಬಂಧ ಬರೆಸಿದರೆ ಹೆಚ್ಚಿನವು ಒಂದೇ ಥರ ಶುರುವಾಗುತ್ತವೆ. ‘ರನ್ನನು ರತ್ನತ್ರಯರಲ್ಲಿ ಒಬ್ಬನು. ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದನು.’ ನಮ್ಮೂರ ಕವಿ ಎಂಬ ಹೆಮ್ಮೆ ಇರಲಿ, ಬೇಡ ಅನ್ನುವವರು ಯಾರು? ಆದರೆ ವಿಷಯ ‘ಗದಾಯುದ್ಧದಲ್ಲಿ ದುರ್ಯೋಧನನ ಛಲ’ ಎಂದಿರುವಾಗ ಅರ್ಧ ಪುಟ ಕವಿಚರಿತ್ರೆಗೇ ಹೋದರೆ ಛಲಕ್ಕೆ ಜಾಗ ಎಲ್ಲಿ?

ತಿದ್ದುವುದೆಂದರೆ ಕಾಗುಣಿತ ಸರಿ ಮಾಡುವುದು ಅಂತ ಬಹಳ ಮಂದಿ ತಿಳಿದಿದ್ದಾರೆ. ಅದು ಕಟ್ಟಕಡೆಯ ಕೆಲಸ. ಮೊದಲು ಪೆನ್ಸಿಲ್ ಹಿಡಿದು ಕೂತು, ಪ್ರತಿ ಪ್ಯಾರಾದ ಪಕ್ಕ ‘ಕಥೆ’ ಅಥವಾ ‘ವಾದ’ ಎಂದು ಬರೆಯಿರಿ. ಏನಾಯಿತು ಎಂದಷ್ಟೇ ಹೇಳುವ ಪ್ಯಾರಾ ಕಥೆ. ಯಾಕೆ ಹಾಗಾಯಿತು ಎಂದು ಹೇಳುವುದು ವಾದ. ಮಾರ್ಜಿನ್ ತುಂಬ ಕಥೆಯೇ ಕಂಡರೆ ಗಾಬರಿ ಬೇಡ, ಮೊದಲ ಕರಡು ಇರುವುದೇ ಹಾಗೆ.

ಆಮೇಲೆ ನಿಮ್ಮ ಮುಖ್ಯ ಮಾತು ಎಲ್ಲಿದೆ ಹುಡುಕಿ. ಸಾಮಾನ್ಯವಾಗಿ ಅದು ಕೊನೆಯ ಪ್ಯಾರಾದಲ್ಲಿ ಅಡಗಿರುತ್ತದೆ. ಬರೆಯುತ್ತ ಬರೆಯುತ್ತಲೇ ಅಲ್ವಾ ನಮಗೂ ವಿಷಯ ಹೊಳೆಯುವುದು? ಅದನ್ನು ಎತ್ತಿ ಮೊದಲ ಪ್ಯಾರಾಕ್ಕೆ ತನ್ನಿ. ತಂದ ಮೇಲೆ ಅದನ್ನು ಒಮ್ಮೆ ಕೆಣಕಿ. ‘ದುರ್ಯೋಧನನು ಕೊನೆಯವರೆಗೂ ಛಲ ಬಿಡಲಿಲ್ಲ’ ಎಂದಿದೆ ಅಂದುಕೊಳ್ಳಿ. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಯಾರೂ ಅಲ್ಲಗಳೆಯದ ಮಾತಿಗೆ ನಾಲ್ಕು ಪುಟದ ಪ್ರಬಂಧ ಯಾಕೆ ಬೇಕು?

ಈಗ ಕಾವ್ಯಕ್ಕೇ ವಾಪಸ್ ಹೋಗಿ. ಧೃತರಾಷ್ಟ್ರ, ಗಾಂಧಾರಿ ಸಂಧಿ ಮಾಡಿಕೋ ಅನ್ನುತ್ತಾರೆ. ಭೀಷ್ಮನೂ ಅದನ್ನೇ ಹೇಳುತ್ತಾನೆ. ದುರ್ಯೋಧನನ ಉತ್ತರ: ‘ನೆಲಕಿರಿವೆನೆಂದು ಬಗೆದಿರೆ, ಚಲಕಿರಿವೆಂ’. ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರಾ, ಛಲಕ್ಕಾಗಿ ಹೋರಾಡುತ್ತೇನೆ. ಹೆಚ್ಚಿನವರು ಇಷ್ಟು ಬರೆದು ನಿಲ್ಲಿಸುತ್ತಾರೆ. ಅದೇ ಪದ್ಯದ ಮುಂದಿನ ಸಾಲು ಓದಿದರೆ ಕಾರಣ ಸಿಗುತ್ತದೆ: ಕರ್ಣನನ್ನು ಕೊಲ್ಲಿಸಿದ ಈ ನೆಲದ ಜೊತೆ ನಾನು ಮತ್ತೆ ಬಾಳುತ್ತೇನೆಯೇ? ಅದು ಅವನಿಗೆ ಪಾಳು ನೆಲ. ಭೀಷ್ಮನ ಹತ್ತಿರ ಹೋಗುವ ದಾರಿಯಲ್ಲೇ ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಇವರ ಹೆಣಗಳನ್ನು ನೋಡಿ ಅತ್ತು ಬಂದಿದ್ದಾನೆ. ಹಾಗಾದರೆ ವಾಕ್ಯವನ್ನು ಹೀಗೆ ತಿದ್ದಬಹುದು: ‘ದುರ್ಯೋಧನ ಕೊನೆಗೆ ಹೋರಾಡುವುದು ರಾಜ್ಯಕ್ಕಲ್ಲ, ಸತ್ತವರ ಋಣಕ್ಕೆ. ಆ ಋಣವೇ ಸಂಧಿಯ ಬಾಗಿಲು ಮುಚ್ಚಿ ಅವನನ್ನು ಮುಗಿಸುತ್ತದೆ.’ ಇದಕ್ಕೆ ‘ಹೌದಾ? ಎಲ್ಲಿ ತೋರಿಸು’ ಅನ್ನಬಹುದು. ತೋರಿಸುವುದೇ ಪ್ರಬಂಧ.

ಹೊಸ ಮಾತಿಗೆ ಹೊಂದದ ಪ್ಯಾರಾ ತೆಗೆಯಿರಿ. ಅಭಿಮನ್ಯುವಿನ ಹೆಣದ ಮುಂದೆ ನಿಂತು, ನಿನ್ನಂಥ ಸಾವು ನನಗೂ ಬರಲಿ ಎಂದು ದುರ್ಯೋಧನ ಹೇಳುವ ಜಾಗ ನನಗೆ ತುಂಬ ಇಷ್ಟ. ಆದರೆ ಋಣದ ವಾದಕ್ಕೆ ಅದು ಬೇಕಿಲ್ಲ. ಹೊಟ್ಟೆ ಉರಿದರೂ ಹೊಡೆದು ಹಾಕಿ.

ನಿಮ್ಮ ವಾದಕ್ಕೆ ಅಡ್ಡ ಬರುವ ಪ್ರಸಂಗವನ್ನು ಮಾತ್ರ ತೆಗೆಯಬೇಡಿ. ಛಲದಂಕಮಲ್ಲ ಎನಿಸಿಕೊಂಡ ದುರ್ಯೋಧನ ಹೋಗಿ ವೈಶಂಪಾಯನ ಸರೋವರದಲ್ಲಿ ಅಡಗಿ ಕೂತದ್ದು ಯಾಕೆ? ವಿದ್ಯಾರ್ಥಿಗಳು ಮೆಲ್ಲಗೆ ಹಾರಿಸಿಬಿಡುವ ಜಾಗ ಇದು. ಪರೀಕ್ಷಕರು ಮೊದಲು ಹುಡುಕುವುದೂ ಇದನ್ನೇ. ಬಲರಾಮ, ಅಶ್ವತ್ಥಾಮ ಮೊದಲಾದವರು ಬಂದು ಸೇರುವವರೆಗೆ ಕಾದಿರು ಎಂದು ಅಲ್ಲಿಗೆ ಕಳಿಸಿದವನು ಭೀಷ್ಮ. ಹಿರಿಯನ ಮಾತಿಗೆ ಕಟ್ಟುಬಿದ್ದು ಹೋದವನು ಭೀಮನ ಗರ್ಜನೆ ಕೇಳಿ ‘ನೀರೊಳಗಿರ್ದುಂ ಬೆಮರ್ತನ್’. ನೀರಿನಲ್ಲಿದ್ದೂ ಬೆವರಿದ. ಹೆದರಿಕೆಯಿಂದಲ್ಲ, ಸಿಟ್ಟಿನಿಂದ. ಇದನ್ನು ವಿವರಿಸಿ ಒಂದು ಪ್ಯಾರಾ ಸೇರಿಸಿದರೆ ಅಡ್ಡ ಬಂದದ್ದೇ ನಿಮ್ಮ ಪರ ಸಾಕ್ಷಿ ಹೇಳುತ್ತದೆ.

‘ಅರಿಸ್ಟಾಟಲ್ ಹೇಳಿದಂತೆ ದುರಂತ ನಾಯಕ’ ಎಂದು ಸುಮ್ನೆ ತುರುಕಿದ್ದರೆ ಒಂದೋ ಅದನ್ನು ದುರ್ಯೋಧನನಿಗೆ ಅನ್ವಯಿಸಿ ತೋರಿಸಿ, ಇಲ್ಲ ಅಳಿಸಿ. ಬಿ.ಎಂ.ಶ್ರೀ. 1926ರಲ್ಲಿ ರನ್ನನ ಪದ್ಯಗಳನ್ನೇ ಜೋಡಿಸಿ ಇದನ್ನು ರುದ್ರನಾಟಕ ಮಾಡಿದರು. ಆ ನಾಟಕದಿಂದ ಮಾತು ತೆಗೆದುಕೊಂಡಿದ್ದರೆ ಹಾಗೆಂದೇ ಬರೆಯಿರಿ, ಕಾವ್ಯದ ಜೊತೆ ಕಲಸಬೇಡಿ. ಪದ್ಯಗಳನ್ನು ವಾಟ್ಸ್ಆ್ಯಪ್‌ನಿಂದ ಇಳಿಸದೆ ಅಚ್ಚಾದ ಪುಸ್ತಕ ನೋಡಿ ಬರೆದುಕೊಳ್ಳಿ.

ಕವಿಚರಿತ್ರೆ ಪೂರ್ತಿ ಹೋಗಬೇಕಾ? ಒಂದು ಸಂಗತಿ ಉಳಿಸಿಕೊಳ್ಳಿ. ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ. ಕಾವ್ಯದ ಇನ್ನೊಂದು ಹೆಸರೇ ‘ಸಾಹಸಭೀಮ ವಿಜಯ’. ಭೀಮನನ್ನು ಹೊಗಳಲು ಹೊರಟ ಕಾವ್ಯದಲ್ಲಿ ನಮ್ಮ ಕಣ್ಣೀರು ದುರ್ಯೋಧನನಿಗೆ ಬೀಳುವುದು ಹೇಗೆ ಎಂಬ ಪ್ರಶ್ನೆಯಿಂದ ಮೊದಲ ಪ್ಯಾರಾ ಶುರು ಮಾಡಬಹುದು. ಮುಧೋಳ, ಬಳೆಗಾರ ಎಲ್ಲ ಬಿಟ್ಟರೂ ನಡೆಯುತ್ತದೆ.

ಇಷ್ಟಾದ ಮೇಲೆ ಒಂದು ದಿನ ಬಿಟ್ಟು, ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದ ಕಡೆ ವಾಕ್ಯವನ್ನು ಎರಡು ಮಾಡಿ. ಕಾಗುಣಿತದ ಸರದಿ ಈಗ.