ಮಣ್ಣಲ್ಲಿ ಕಲ್ಲೋ, ಕಲ್ಲಲ್ಲಿ ಮಣ್ಣೋ? ಹಳೇ ಸೈಕಲ್ ರಿಮ್ಮಿನಲ್ಲಿ ಸುತ್ತುವ ಜರಡಿ

ಮನೆ ಕಟ್ಟಿ ಮುಗಿದ ಮೇಲೆ ಹಿತ್ತಲಲ್ಲಿ ನಾಲ್ಕು ಸಾಲು ಮೂಲಂಗಿ ಹಾಕೋಣ ಅಂತ ಗುದ್ದಲಿ ಹಿಡಿದು ಇಳಿದೆ. ಮೊದಲ ಏಟಿಗೇ ‘ಠಣ್’ ಎಂದಿತು. ಎರಡನೆಯದಕ್ಕೂ ಅದೇ. ಕೆದಕಿ ನೋಡಿದರೆ ಜಲ್ಲಿ, ಇಟ್ಟಿಗೆ ಚೂರು, ಟೈಲ್ಸ್ ತುಂಡು, ಒಣಗಿ ಗಟ್ಟಿಯಾದ ಸಿಮೆಂಟ್ ಹೆಂಟೆ, ಜೊತೆಗೆ ನಮ್ಮ ತುಮಕೂರು ಕಡೆಯ ಕೆಮ್ಮಣ್ಣಿನಲ್ಲಿ ಹುಟ್ಟಿನಿಂದಲೇ ಇರುವ ಬೆಣಚು ಕಲ್ಲು, ನೊರಜು ಕಲ್ಲು. ಕಟ್ಟಡದ ಕಸವನ್ನೆಲ್ಲ ಹಿತ್ತಲಿಗೆ ಎಳೆದು, ಮೇಲೆ ಎರಡಿಂಚು ಚೆಂದದ ಮಣ್ಣು ಹರಡಿ ಹೋಗಿದ್ದರು. ಇದು ನನ್ನೊಬ್ಬನ ಕಥೆಯಲ್ಲ ಬಿಡಿ, 30–40 ಸೈಟಿನಲ್ಲಿ ಮನೆ ಕಟ್ಟಿಸಿದ ಮುಕ್ಕಾಲು ಪಾಲು ಜನರ ಹಿತ್ತಲು ಹೀಗೇ ಇರುತ್ತದೆ.

ಗಾರೆಯವರ ಹತ್ತಿರ ಮರಳು ಸೋಸುವ ಜರಡಿ ಇರುತ್ತದಲ್ಲ, ಓರೆಯಾಗಿ ನಿಲ್ಲಿಸಿ ಸಲಿಕೆಯಲ್ಲಿ ಎರಚುವಂಥದ್ದು, ಅದನ್ನೇ ಇಸಕೊಂಡು ಬಂದೆ. ಎರಡು ದಿನ ಎರಚಿದೆ. ಮೂರನೇ ದಿನ ಸೊಂಟ ಮಾತಾಡಲು ಶುರು ಮಾಡಿತು, ಆಗ ಕೂತು ಲೆಕ್ಕ ಹಾಕಿದೆ. 30 ಅಡಿ ಉದ್ದ, 10 ಅಡಿ ಅಗಲ, ಒಂದಡಿ ಆಳ ಎಂದರೆ 300 ಘನ ಅಡಿ. ತೂಕದಲ್ಲಿ 12 ಟನ್ ದಾಟುತ್ತದೆ. ಪ್ರತಿ ಸಲಿಕೆ ಮಣ್ಣನ್ನೂ ಒಮ್ಮೆ ಅಗೆದು, ಒಮ್ಮೆ ಎರಚಿ, ಮತ್ತೊಮ್ಮೆ ತುಂಬಬೇಕು. ನನ್ನ ಕೈಲಿ ಆಗುವ ಕೆಲಸವಲ್ಲ.

ಹಾಗಾಗಿ ಸುತ್ತುವ ಜರಡಿ. ದೊಡ್ಡ ಯಂತ್ರಗಳ ಲೋಕದಲ್ಲಿ ಇದಕ್ಕೆ ಟ್ರೊಮೆಲ್ ಎನ್ನುತ್ತಾರೆ, ಜರ್ಮನ್ ಭಾಷೆಯಲ್ಲಿ ಡೋಲು ಎಂದರ್ಥ. ಊರಾಚೆ ಬೆಳೆದು ನಿಂತ ಹಳೇ ಕಸದ ಗುಡ್ಡಗಳನ್ನು ಬಿಡಿಸಿ ಮಣ್ಣು ಬೇರೆ, ಪ್ಲಾಸ್ಟಿಕ್ ಬೇರೆ ಮಾಡುವುದು ಇದೇ ಯಂತ್ರದ ದೊಡ್ಡಣ್ಣ. ಜಾಲರಿಯ ಡೋಲು ಸ್ವಲ್ಪ ಇಳಿಜಾರಾಗಿ ಮಲಗಿ ನಿಧಾನಕ್ಕೆ ಸುತ್ತುತ್ತದೆ. ಮೇಲಿನ ಬಾಯಿಗೆ ಮಣ್ಣು ಹಾಕಿದರೆ ಸಣ್ಣದು ಕಣ್ಣಿನಲ್ಲಿ ಇಳಿದು ಕೆಳಗೆ ಬೀಳುತ್ತದೆ, ಕಲ್ಲು ಉರುಳುತ್ತಾ ಹೋಗಿ ಆ ತುದಿಯಿಂದ ಹೊರಗೆ. ಅಷ್ಟೇ.

ಆದರೆ ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ, ಹೊಲದ ಮಣ್ಣನ್ನೆಲ್ಲ ಸೋಸಲು ಹೊರಡಬೇಡಿ. ಮೇಲೆ ಹರಡಿದ ಕಲ್ಲು ಮಳೆ ಹನಿಯ ಹೊಡೆತ ತಡೆಯುತ್ತದೆ, ಮಣ್ಣು ಕೊಚ್ಚಿ ಹೋಗದಂತೆ ನೋಡಿಕೊಳ್ಳುತ್ತದೆ, ತೇವ ಬೇಗ ಆರಲು ಬಿಡುವುದಿಲ್ಲ. ಕ್ಯಾರೆಟ್, ಮೂಲಂಗಿ, ಸಸಿ ಮಡಿ, ಕುಂಡ, ಹುಲ್ಲುಹಾಸು, ಇಷ್ಟಕ್ಕೆ ಸೋಸಿದ ಮಣ್ಣು ಬೇಕು. ಬೇರು ಇಳಿಯುವ ದಾರಿಯಲ್ಲಿ ಕಲ್ಲು ಸಿಕ್ಕರೆ ಕ್ಯಾರೆಟ್ ಎರಡು ಕಾಲು ಬಿಟ್ಟುಕೊಂಡು ಪ್ಯಾಂಟ್ ಥರ ಬರುತ್ತದೆ. ನುಗ್ಗೆ, ಪಪ್ಪಾಯಿಗೆ ಇದ್ಯಾವುದೂ ಬೇಡ.

ಗುಜರಿ ಅಂಗಡಿಗೆ ಹೋಗಿ

ಬೇಕಾದ ಮುಖ್ಯ ವಸ್ತು ಮೂರು ಸೈಕಲ್ ರಿಮ್. ಹಳೇ ಕಾಲದ ದೊಡ್ಡ ಸೈಕಲ್‌ನ 28 ಇಂಚಿನ (ಇದು ಟೈರ್ ಸೇರಿಸಿ ಹೇಳುವ ಅಳತೆ) ಸ್ಟೀಲ್ ರಿಮ್ ಇದ್ದರೆ ತುಂಬಾ ಒಳ್ಳೆಯದು. ಸೊಟ್ಟ ಆಗಿರಬಾರದು, ಅಂಗಡಿಯಲ್ಲೇ ನೆಲದ ಮೇಲೆ ಮಲಗಿಸಿ ನೋಡಿ. ಮೂರೂ ಒಂದೇ ಅಳತೆ ಇರಲಿ. ಹಿಂದಿನ ಚಕ್ರದ್ದಕ್ಕೆ 40 ಕಡ್ಡಿ, ಮುಂದಿನದಕ್ಕೆ 32 ಇರುತ್ತದೆ. ನಮ್ಮ ಕೆಲಸಕ್ಕೆ ಯಾವುದಾದರೂ ಸರಿ. ಕಡ್ಡಿ ಇರುವ ಚಕ್ರವನ್ನೇ ತನ್ನಿ, ಬರೀ ರಿಮ್ ಬೇಡ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಜಾಲರಿ ಹಾರ್ಡ್‌ವೇರ್ ಅಂಗಡಿಯದು, ಹೊಸದೇ ಇರಲಿ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ತಂತಿ 14 ಗೇಜ್ ಇದ್ದರೆ ಗಟ್ಟಿ. ಕೋಳಿ ಗೂಡಿಗೆ ಹಾಕುವ ಆರು ಮೂಲೆಯ ಜಾಲರಿ ಅಗ್ಗ ಅಂತ ತರಬೇಡಿ, ಎರಡು ಬಾಂಡ್ಲಿ ಮಣ್ಣಿಗೆ ಜೋತು ಬೀಳುತ್ತದೆ. ನಾಲ್ಕಡಿ ಅಗಲದ ಸುರುಳಿಯಲ್ಲಿ ಆರೂವರೆ ಅಡಿ ಕತ್ತರಿಸಿಕೊಳ್ಳಿ. ರಿಮ್ಮಿನ ಒಳಸುತ್ತು ಸುಮಾರು ಆರೂಕಾಲು ಅಡಿ ಬರುತ್ತದೆ, ಮಿಕ್ಕಿದ್ದು ಒಂದರ ಮೇಲೊಂದು ಕೂರಿಸಿ ಕಟ್ಟುವುದಕ್ಕೆ.

ಮೋಟರ್ ಅರ್ಧ ಎಚ್‌ಪಿ, ಸಿಂಗಲ್ ಫೇಸ್, ನಿಮಿಷಕ್ಕೆ 1440 ಸುತ್ತಿನದು. ತಗಡಿನ ಮೇಲೆ ಬರೆದಿರುತ್ತದೆ, ಓದಿ. ನೀರಿನ ಪಂಪಿನ ಹಳೇ ಮೋಟರ್ ಸುಲಭವಾಗಿ ಸಿಗುತ್ತದೆ, ಆದರೆ ಅದು ಸಾಮಾನ್ಯವಾಗಿ 2880ರದ್ದು, ನಮಗೆ ಆಗಿಬರುವುದಿಲ್ಲ.

ಇನ್ನು ಎರಡಿಂಚಿನ ಗಾಲಿ ನಾಲ್ಕು. ತಿರುಗುವ ಕುತ್ತಿಗೆ ಇರಬಾರದು, ನೇರ ಕೂರುವಂಥವು. ಟೈರ್ ಕೂರುವ ರಿಮ್ಮಿನ ಕಾಲುವೆಯೊಳಗೆ ಇಳಿಯುವಷ್ಟು ಸಪೂರ ಇರಬೇಕು, ಅದಕ್ಕೇ ರಿಮ್ ಹೆಗಲಿಗೆ ಹಾಕಿಕೊಂಡೇ ಗಾಲಿ ಅಂಗಡಿಗೆ ಹೋಗಿ. ನಗುತ್ತಾರೆ, ನಗಲಿ. ವೇಗ ಇಳಿಸಲು ಮೋಟರಿಗೂ ಡೋಲಿಗೂ ನಡುವೆ ಕೂರುವ 20 ಎಂಎಂ ಶಾಫ್ಟ್ ಒಂದೂವರೆ ಅಡಿ, ಅದಕ್ಕೆ ಪೀಠದ ಸಮೇತ ಬರುವ ಯುಸಿಪಿ 204 ಬೇರಿಂಗ್ ಎರಡು, ಎರಡಿಂಚಿನ ಪುಲ್ಲಿ ಎರಡು, ಹತ್ತಿಂಚಿನದು ಒಂದು. ಕಾಲು, ಚೌಕಟ್ಟಿಗೆ ಒಂದೂವರೆ ಇಂಚಿನ ಆಂಗಲ್.

ಡೋಲು ಕಟ್ಟುವುದು

ಕಡ್ಡಿಗಳನ್ನು ಪೂರ್ತಿ ಬಿಚ್ಚಬೇಡಿ. ರಿಮ್ಮಿನಿಂದ ಮೂರಿಂಚು ಬಿಟ್ಟು ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸುತ್ತಾ ಬನ್ನಿ, ಒಂದು ಈ ಕಡೆ, ಒಂದು ಎದುರಿನ ಕಡೆ. ಬಿಗಿದ ಕಡ್ಡಿ ಕತ್ತರಿಸಿದ ಕೂಡಲೇ ಚಿಮ್ಮುತ್ತದೆ, ಕಣ್ಣಿಗೆ ಕನ್ನಡಕ ಇರಲೇಬೇಕು. ಈಗ ನಡುವಿನ ಹಬ್ ಕಳಚಿ, ರಿಮ್ಮಿನ ಒಳಗೆ ಮುಳ್ಳಿನ ಹಾಗೆ ಮೂರಿಂಚಿನ ಮೋಟು ಕಡ್ಡಿಗಳು ಉಳಿಯುತ್ತವೆ. ಇವೇ ನಮ್ಮ ಕೊಕ್ಕೆ. ಇವುಗಳ ನಿಪ್ಪಲ್ (ಕಡ್ಡಿ ಬಿಗಿಯುವ ಸಣ್ಣ ನಟ್ಟು) ತಲೆ ರಿಮ್ಮಿನ ಗುಳಿಯಲ್ಲೇ ಕೂತಿರುವುದರಿಂದ ಮೇಲೆ ಗಾಲಿ ಓಡಲು ಅಡ್ಡಿಯಿಲ್ಲ. ನಟ್ಟು ಬೋಲ್ಟು ಹಾಕಿದ್ದರೆ ಗಾಲಿ ಪ್ರತಿ ಸುತ್ತಿಗೂ ಎಗರುತ್ತಿತ್ತು.

ನಾಲ್ಕಡಿ ಉದ್ದದ 8 ಎಂಎಂ ಸರಳು ನಾಲ್ಕು ತಗೊಂಡು, ಮೂರು ರಿಮ್ಮನ್ನೂ ಒಳಗಿನಿಂದ ಸೇರಿಸಿ ವೆಲ್ಡ್ ಮಾಡಿಸಿ. ಎರಡು ರಿಮ್ ಎರಡು ತುದಿಗೆ, ತುದಿಯಿಂದ ನಾಲ್ಕಿಂಚು ಒಳಗೆ. ಮೂರನೆಯದು ಬೆಲ್ಟಿಗೆ. ಅದು ಕಲ್ಲು ಹೊರಬೀಳುವ ತುದಿಯ ರಿಮ್ಮಿನಿಂದ ಒಂದು ಗೇಣು ಒಳಗಿರಲಿ. ಮಣ್ಣಿನಲ್ಲಿ ಹೆಚ್ಚಿನದೆಲ್ಲ ಮೊದಲ ಎರಡಡಿಯಲ್ಲೇ ಉದುರಿಬಿಡುತ್ತದೆ, ಆದ್ದರಿಂದ ಈ ಕಡೆ ಬೆಲ್ಟಿಗೆ ಧೂಳು ಕಡಿಮೆ. ವೆಲ್ಡ್ ಮಾಡುವ ಜಾಗದಲ್ಲಿ ರಿಮ್ಮಿನ ಹೊಳಪಿನ ಲೇಪ ಉಜ್ಜಿ ತೆಗೆಯಬೇಕು.

ವೆಲ್ಡಿಂಗ್ ಎಲ್ಲ ಮುಗಿದ ಮೇಲೆಯೇ ಜಾಲರಿ. ಅದರ ಮೇಲಿರುವುದು ಸತುವಿನ ಲೇಪ, ಬೆಂಕಿ ತಾಗಿದರೆ ಬರುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಗ್ಯಾರಂಟಿ. ವೆಲ್ಡಿಂಗ್‌ನವರು ‘ಏನಾಗಲ್ಲ ಸಾರ್, ಒಂದ್ ಟಚ್ ಕೊಡ್ತೀನಿ’ ಅನ್ನುತ್ತಾರೆ, ಬೇಡ ಅನ್ನಿ. ಜಾಲರಿಯನ್ನು ಸುರುಳಿ ಮಾಡಿ ಒಳಗೆ ತೂರಿಸಿದರೆ ತಾನೇ ಅರಳಿ ಕೂರುತ್ತದೆ. ಮೋಟು ಕಡ್ಡಿಗಳು ಅದರ ಕಣ್ಣಿನಿಂದ ಇಣುಕುತ್ತವೆ, ಒಂದೊಂದನ್ನೇ ಪ್ಲೇಯರ್‌ನಲ್ಲಿ ಹಿಡಿದು ತಂತಿಗೆ ಸುತ್ತಿ ಚಪ್ಪಟೆ ಒತ್ತಿ. ನೂರಕ್ಕೂ ಹೆಚ್ಚು ಕಡ್ಡಿ. ಬೇಜಾರಿನ ಕೆಲಸ, ರೇಡಿಯೋ ಹಾಕಿಕೊಳ್ಳಿ. ಜಾಲರಿ ಕೂಡುವ ಜಾಗವನ್ನು ಬೈಂಡಿಂಗ್ ವೈರ್‌ನಲ್ಲಿ ಹೊಲಿದ ಹಾಗೆ ಕಟ್ಟಿ.

ಕೊನೆಗೆ ಒಳಗಡೆ ಎದುರುಬದುರಾಗಿ ಒಂದಿಂಚಿನ ಎರಡು ಆಂಗಲ್ ಪಟ್ಟಿ, ಆ ಸರಳುಗಳಿಗೇ ಯು-ಬೋಲ್ಟಿನಲ್ಲಿ ಬಿಗಿದದ್ದು. ಇವು ಮಣ್ಣನ್ನು ಎತ್ತಿ ಎತ್ತಿ ಹಾಕಿ ಹೆಂಟೆ ಒಡೆಯುತ್ತವೆ. ಇಲ್ಲದಿದ್ದರೆ ಮಣ್ಣು ತಳದಲ್ಲೇ ಜಾರುತ್ತಾ ಹೆಂಟೆ ಹೆಂಟೆಯಾಗಿಯೇ ಕಲ್ಲಿನ ಜೊತೆ ಹೋಗಿಬಿಡುತ್ತದೆ.

ಚೌಕಟ್ಟು, ಇಳಿಜಾರು

ಚೌಕಟ್ಟು ಮಂಚದ ಹಾಗೆ. ಡೋಲಿನ ಕೆಳಗೆ ಎರಡಡಿ ಜಾಗ ಇದ್ದರೆ ಬಾಂಡ್ಲಿಯೋ ತಳ್ಳುಗಾಡಿಯೋ ನುಗ್ಗುತ್ತದೆ. ಪ್ರತಿ ತುದಿಯಲ್ಲಿ ಎರಡು ಗಾಲಿ, ನಡುವೆ ಒಂದಡಿಗಿಂತ ಸ್ವಲ್ಪ ಜಾಸ್ತಿ ಅಂತರ. ತೀರಾ ಹತ್ತಿರ ಇಟ್ಟರೆ ಡೋಲು ಪಕ್ಕಕ್ಕೆ ಉರುಳುತ್ತದೆ, ತೀರಾ ದೂರ ಇಟ್ಟರೆ ಭಾರ ಗಾಲಿಗಳನ್ನು ಅಗಲಿಸುತ್ತದೆ. ಗಾಲಿ ರಿಮ್ಮಿನ ಕಾಲುವೆಯೊಳಗೆ ಕೂತಿರುವುದರಿಂದ ಡೋಲು ಇಳಿಜಾರಿಗೆ ಜಾರಿ ಹೋಗುವುದಿಲ್ಲ. ಗಾಲಿಗಳ ಮೇಲೆ ತಗಡಿನದೊಂದು ಸಣ್ಣ ಟೋಪಿ ಕೂರಿಸಿದರೆ ಮರಳು ಸಿಕ್ಕುವುದು ಕಡಿಮೆ.

ಕಾಲು ನಾಲ್ಕೂ ಸಮ ಇರಲಿ. ಇಳಿಜಾರನ್ನು ವೆಲ್ಡ್ ಮಾಡಿಸಿಬಿಟ್ಟರೆ ಆಮೇಲೆ ಬದಲಿಸಲು ಆಗುವುದಿಲ್ಲ. ಮಣ್ಣು ಹಾಕುವ ಕಡೆಯ ಎರಡು ಕಾಲಿನ ಕೆಳಗೆ ಒಂದೊಂದು ಇಟ್ಟಿಗೆ ಮಲಗಿಸಿದರೆ ಮೂರಿಂಚು ಎತ್ತರ ಸಿಗುತ್ತದೆ, ಮೂರರಿಂದ ನಾಲ್ಕು ಡಿಗ್ರಿ. ಅಲ್ಲಿಂದ ಶುರು ಮಾಡಿ. ಕಲ್ಲಿನ ಜೊತೆ ಒಳ್ಳೇ ಮಣ್ಣೂ ಹೋಗುತ್ತಿದ್ದರೆ ಇಳಿಜಾರು ಜಾಸ್ತಿಯಾಗಿದೆ, ಇಟ್ಟಿಗೆ ತೆಗೆದು ಹಲಗೆ ತುಂಡು ಇಡಿ. ಕಲ್ಲು ಮುಂದೆ ಹೋಗದೆ ಒಳಗೇ ಕುಣಿಯುತ್ತಿದ್ದರೆ ಇನ್ನೊಂದು ಹಲಗೆ ಸೇರಿಸಿ.

ಮಣ್ಣು ಹಾಕುವ ಬಾಯಿಗೆ 15 ಕೆ.ಜಿ. ಎಣ್ಣೆ ಡಬ್ಬ ಸೀಳಿ ಬಿಚ್ಚಿದ ತಗಡು ಸಾಕು. ಅದರ ಮೇಲೆ ಮೂರಿಂಚಿಗೊಂದು ಸರಳು ಜೋಡಿಸಿದರೆ ಮುಷ್ಟಿ ಗಾತ್ರದ ಕಲ್ಲು ಅಲ್ಲೇ ನಿಲ್ಲುತ್ತದೆ. ಅಂಥದ್ದು ಒಳಗೆ ಹೋದರೆ ಜಾಲರಿಯ ಆಯಸ್ಸು ಅರ್ಧ.

ವೇಗ: ನಾನು ಎಡವಿದ ಜಾಗ

ಮೊದಲ ಸಲ ನಾನು ನಡುವಿನ ಶಾಫ್ಟು ಯಾಕೆ ಅಂತ ಬಿಟ್ಟೆ. ಮೋಟರ್‌ಗೆ ಎರಡಿಂಚಿನ ಪುಲ್ಲಿ, ಅಲ್ಲಿಂದ ನೇರ ರಿಮ್ಮಿಗೆ ಬೆಲ್ಟ್. ರಿಮ್ಮಿನ ಕಾಲುವೆ 24 ಇಂಚು, ಅಂದರೆ 12 ಪಟ್ಟು ಕಡಿಮೆ, 1440 ಹೋಗಿ ನಿಮಿಷಕ್ಕೆ 120 ಸುತ್ತು. ಸ್ವಿಚ್ ಹಾಕಿ ಎರಡು ಸಲಿಕೆ ಮಣ್ಣು ಹಾಕಿದೆ. ಒಂದು ಕ್ಷಣ ಕೆಂಪು ಓಕುಳಿ! ಪುಡಿ ಮಣ್ಣೆಲ್ಲ ಸುತ್ತಲೂ ಎರಚಿ ಬಿಳಿ ಗೋಡೆ, ಹಗ್ಗದ ಮೇಲಿನ ಬಟ್ಟೆ, ನನ್ನ ಬಾಯಿ, ಎಲ್ಲ ಕಡೆ. ಕಲ್ಲುಗಳು ಮಾತ್ರ ಉರುಳಲೇ ಇಲ್ಲ, ಗೋಡೆಗೆ ಅಂಟಿದ ಹಲ್ಲಿಗಳ ಥರ ಜಾಲರಿಗೆ ಅಂಟಿಕೊಂಡು ಸುಮ್ನೆ ಸುತ್ತುತ್ತಿದ್ದವು. ಗಾಬರಿಯಲ್ಲಿ ಸ್ವಿಚ್ ಆಫ್ ಮಾಡಿದರೆ ವೇಗ ಇಳಿದಂತೆ ಎಲ್ಲ ಒಟ್ಟಿಗೇ ಧಬಧಬ ಬಿದ್ದವು. ಬಟ್ಟೆ ಒಗೆದವರು ಏನಂದರು ಅನ್ನುವುದು ಇಲ್ಲಿ ಬೇಡ.

ತುಂಬಿದ ಬಕೆಟ್ಟನ್ನು ಜೋರಾಗಿ ಸುತ್ತು ಹೊಡೆಸಿದರೆ ನೀರು ಚೆಲ್ಲುವುದಿಲ್ಲ, ಅಲ್ವಾ? ಅದೇ ಕಥೆ. ಒಂದು ವೇಗ ದಾಟಿದರೆ ಒಳಗಿನದೆಲ್ಲ ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ. ಆ ವೇಗ ಎಷ್ಟು ಅಂತ ತಿಳಿಯಲು ಸುಲಭದ ಲೆಕ್ಕ ಇದೆ: ಡೋಲಿನ ಅಡ್ಡಳತೆಯನ್ನು ಮೀಟರಿನಲ್ಲಿ ತಗೊಂಡು, ಅದರ ವರ್ಗಮೂಲದಿಂದ 42.3 ಅನ್ನು ಭಾಗಿಸಿ. ನಮ್ಮದು 0.61 ಮೀಟರ್, ಉತ್ತರ ನಿಮಿಷಕ್ಕೆ ಸುಮಾರು 54 ಸುತ್ತು. ಜರಡಿ ಓಡಬೇಕಾದದ್ದು ಇದರ ಅರ್ಧಕ್ಕಿಂತಲೂ ಕಡಿಮೆ ವೇಗದಲ್ಲಿ.

ಅದಕ್ಕೇ ನಡುವಿನ ಶಾಫ್ಟ್. ಮೋಟರಿನ ಎರಡಿಂಚಿನ ಪುಲ್ಲಿಯಿಂದ ಶಾಫ್ಟಿನ ಹತ್ತಿಂಚಿನದಕ್ಕೆ ಒಂದು ಬೆಲ್ಟ್, 1440 ಇಳಿದು 288 ಆಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಎರಡಿಂಚಿನ ಪುಲ್ಲಿಯಿಂದ ರಿಮ್ಮಿಗೆ ಇನ್ನೊಂದು ಬೆಲ್ಟ್, 288 ಹೋಗಿ 24. ಈ ವೇಗದಲ್ಲಿ ಮಣ್ಣು ಗೋಡೆ ಹತ್ತಿ, ಅರ್ಧಕ್ಕೆ ಹೋಗಿ, ಮನಸ್ಸು ಬದಲಿಸಿ ವಾಪಸ್ ಉರುಳುತ್ತದೆ. ನೋಡುತ್ತಾ ಕೂತರೆ ಟೈಮ್ ಹೋದದ್ದೇ ಗೊತ್ತಾಗುವುದಿಲ್ಲ.

ಬೆಲ್ಟ್ ಕೊಳ್ಳುವ ಮೊದಲು ಎಲ್ಲ ಜೋಡಿಸಿ, ದಾರ ಸುತ್ತಿ ಅಳೆಯಿರಿ. ಎ-94 ಎಂದರೆ ಎ ಮಾದರಿಯ ಬೆಲ್ಟು, ಒಳಸುತ್ತು 94 ಇಂಚು. ಮೋಟರಿನ ಪೀಠಕ್ಕೆ ಒಂದು ಕಡೆ ಬಾಗಿಲಿನ ಕೀಲು ಹಾಕಿದರೆ ಅದರ ಭಾರಕ್ಕೇ ಮೋಟರ್ ಕಡೆಯ ಬೆಲ್ಟ್ ಬಿಗಿಯಾಗುತ್ತದೆ. ರಿಮ್ಮಿನ ಕಡೆಯದಕ್ಕೆ ಶಾಫ್ಟಿನ ಬೇರಿಂಗ್ ಬೋಲ್ಟಿನ ತೂತು ಉದ್ದ ಮಾಡಿಸಿ, ಹಿಂದೆ ಮುಂದೆ ಸರಿಸಿಕೊಳ್ಳಬಹುದು. ರಿಮ್ಮಿನಲ್ಲಿ ಬೆಲ್ಟ್ ಸ್ವಲ್ಪ ಜಾರಿದರೆ ಒಳ್ಳೆಯದೇ, ಕಲ್ಲು ಸಿಕ್ಕಿಕೊಂಡಾಗ ಬೆಲ್ಟ್ ಜಾರುತ್ತದೆ, ಮೋಟರ್ ಸುಡುವುದಿಲ್ಲ.

ಬೆಲ್ಟು, ಪುಲ್ಲಿಗಳಿಗೆ ತಗಡಿನ ಮರೆ ಕಡ್ಡಾಯ. ಸೆರಗು, ಹೆಗಲ ಮೇಲಿನ ಟವೆಲ್, ಲುಂಗಿ, ಮೂರೂ ಇದರ ಹತ್ತಿರ ಬರಬಾರದು. ಮೋಟರ್‌ಗೆ ಅರ್ಥಿಂಗ್ ಇರಲಿ, ಲೈನಿನಲ್ಲಿ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಇಎಲ್‌ಸಿಬಿ ಸ್ವಿಚ್ ಇರಲಿ, ಮೂಗಿಗೆ ಮಾಸ್ಕ್. ಸಿಕ್ಕಿದ ಕಲ್ಲು ತೆಗೆಯಲು ಸುತ್ತುವಾಗ ಕೈ ಹಾಕಬೇಡಿ, ರಿಮ್ಮು ಗಾಲಿಯ ನಡುವೆ ಬೆರಳು ಹೋದರೆ ಅದು ಸಣ್ಣ ಗಾಯವಲ್ಲ. ಮೋಟರೇ ಬೇಡ ಎನ್ನುವವರು ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ ಬೆಲ್ಟಿನ ರಿಮ್ಮನ್ನು ಕೈಯಿಂದ ತಿರುಗಿಸಬಹುದು. ಶಾಲೆಗೆ ರಜೆ ಇದ್ದ ದಿನ ಮಕ್ಕಳು ಪಾಳಿ ಹಚ್ಚಿಕೊಂಡು ಬರುತ್ತಾರೆ, ಆದರೆ ಗಾಲಿ ಇರುವ ತುದಿಗಳಿಂದ ಅವರನ್ನು ದೂರ ಇಡಿ.

ಮಣ್ಣಿನ ಹದ

ಯಂತ್ರ ಎಷ್ಟೇ ಚೆನ್ನಾಗಿರಲಿ, ಒದ್ದೆ ಮಣ್ಣು ಹಾಕಿದರೆ ಕಣ್ಣೆಲ್ಲ ಮೆತ್ತಿ ಡೋಲು ಪೈಪ್ ಆಗಿಬಿಡುತ್ತದೆ. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಹಿಸುಕಿ ಕೈ ಬಿಚ್ಚಿ. ಉಂಡೆ ಹಾಗೇ ನಿಂತು ಬೆರಳಿನಲ್ಲಿ ತಟ್ಟಿದರೂ ಒಡೆಯದಿದ್ದರೆ ಇನ್ನೆರಡು ದಿನ ಬಿಡಿ. ತಟ್ಟಿದ ಕೂಡಲೇ ಪುಡಿಯಾದರೆ ಹದ ಬಂದಿದೆ. ಪೂರ್ತಿ ಒಣಗಿದ್ದಾದರೆ ಕೆಲಸ ಬೇಗ, ಆದರೆ ಧೂಳಿಗೆ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆ. ಕೆಮ್ಮಣ್ಣಿಗೆ ಈ ಜರಡಿ ಹೇಳಿ ಮಾಡಿಸಿದ್ದು. ಎರೆ ಮಣ್ಣಿನವರು ಆಸೆ ಇಟ್ಟುಕೊಳ್ಳಬೇಡಿ, ಅದು ಒದ್ದೆಯಿದ್ದರೆ ಅಂಟು, ಒಣಗಿದರೆ ಅದೇ ಕಲ್ಲು.

ಒಂದೊಂದೇ ಸಲಿಕೆ, ಮೊದಲಿನದು ಅರ್ಧ ದಾರಿ ದಾಟಿದ ಮೇಲೆ ಮುಂದಿನದು. ಕಣ್ಣು ಮೆತ್ತಿದರೆ ಡೋಲಿನ ನೆತ್ತಿಗೆ ಹೊರಗಿನಿಂದ ಬಿದಿರು ಕೋಲಿನಲ್ಲಿ ಎರಡು ತಟ್ಟು. ನಮ್ಮ ಹಿತ್ತಲಲ್ಲಿ ಹತ್ತು ಬಾಂಡ್ಲಿ ಹಾಕಿದರೆ ಮೂರು ಬಾಂಡ್ಲಿ ಕಲ್ಲು ಬರುತ್ತಿತ್ತು, ಅಂದರೆ ಅಷ್ಟು ಹಳ್ಳ ಬೀಳುತ್ತದೆ. ಕೆಳಗಿನ ಮಣ್ಣು ಮೇಲೆ ಬಂದಿರುವುದರಿಂದ ಸತ್ವವೂ ಕಡಿಮೆ. ಆ ಹಳ್ಳವನ್ನು ಕೊಟ್ಟಿಗೆ ಗೊಬ್ಬರ, ಎಲೆ ಗೊಬ್ಬರದಲ್ಲೇ ತುಂಬಿ. ಕಲ್ಲನ್ನು ಎಸೆಯಬೇಡಿ, ಚಾವಣಿ ನೀರಿನ ಇಂಗುಗುಂಡಿಗೆ ತಳದಲ್ಲಿ ಹಾಕಲು ಅದಕ್ಕಿಂತ ಒಳ್ಳೆಯದು ದುಡ್ಡು ಕೊಟ್ಟರೂ ಬೇಕಾಗಿಲ್ಲ.

ಇನ್ನೊಂದು ಮರೆತಿದ್ದೆ. ಕೆಟ್ಟ ಸ್ಪೀಕರ್‌ನ ಅಯಸ್ಕಾಂತ ಇದ್ದರೆ ಮಣ್ಣು ಹಾಕುವ ತಗಡಿನ ಅಡಿಗೆ ಕಚ್ಚಿಸಿ. ಕಟ್ಟಡದ ಕಸದಲ್ಲಿ ಅರ್ಧ ಇಂಚಿನ ಕಣ್ಣಿನಲ್ಲಿ ನುಸುಳುವ ಮೊಳೆ, ಬೈಂಡಿಂಗ್ ವೈರ್ ಚೂರು ತುಂಬಾ ಇರುತ್ತವೆ, ಬರಿಗಾಲಲ್ಲಿ ಓಡಾಡುವ ಜಾಗ ಬೇರೆ. ನನಗೆ ಒಂದು ಭಾನುವಾರದಲ್ಲಿ ಒಂದು ಲೋಟ ತುಂಬಾ ಮೊಳೆ ಸಿಕ್ಕಿತು, ಅದರ ಜೊತೆ ತುಕ್ಕು ಹಿಡಿಯದ ಒಂದು ಎಂಟಾಣೆ.